ಸೊಂಟಮಟ್ಟದ ನೀರು, ಹಾಯಿ ತುಂಬ ಗಾಳಿ

ಸಮುದ್ರದ ಮಾತು ಬಂದಾಗಲೆಲ್ಲ ನಾವು ಹೊಗಳುವುದು ಅದರ ಆಳವನ್ನು. ಪುರಾಣದಲ್ಲಿ ಅಮೃತ ಬಂದದ್ದು ಆಳದ ಕಡಲನ್ನು ಕಡೆದಾಗ. ವೇದ ಕದ್ದವನು ಹೋಗಿ ಅಡಗಿದ್ದು ಆಳದಲ್ಲಿ. ಮುತ್ತು ತರುವವನು ಮುಳುಗುವುದೂ ಆಳಕ್ಕೇ. ಕುಂದಾಪುರದ ಕಡೆ ನಾನು ಬೆಳೆದ ಊರಿನಲ್ಲಿ ಕಡಲಿಗೆ ಹೋಗಿ ಬಂದವರು ಎಷ್ಟು ಮೀನು ಬಿತ್ತು ಎನ್ನುವುದಕ್ಕಿಂತ ಮೊದಲು ಎಷ್ಟು ಮಾರು ನೀರಿನಲ್ಲಿ ಬಲೆ ಬಿಟ್ಟೆವು ಎಂದು ಹೇಳುತ್ತಿದ್ದರು. ಆಳಕ್ಕೆ ಹೋದವನಿಗೆ ಮರ್ಯಾದೆ ಹೆಚ್ಚು. ಅದು ನ್ಯಾಯವೇ, ಯಾಕೆಂದರೆ ಅಲ್ಲಿ ಜೀವದ ಹಂಗು ತೊರೆದ ದುಡಿಮೆ ಇದೆ. ಆದರೆ ಸೊಂಟದವರೆಗೆ ಮಾತ್ರ ಬರುವ, ಬಿದ್ದರೆ ಎದ್ದು ನಿಲ್ಲಬಹುದಾದ, ಕಣ್ಣು ಹಾಯುವಷ್ಟು ದೂರ ಹರಡಿಕೊಂಡ ನೀರೂ ಒಂದಿದೆ. ಅದನ್ನು ಹೊಗಳುವವರು ಕಡಿಮೆ. ಇವತ್ತು ಆ ಕೆಲಸ ಮಾಡೋಣ ಅಂತ ಕೂತಿದ್ದೇನೆ.

ನಾನು ಹೇಳುತ್ತಿರುವ ನೀರು ಅಮೆರಿಕದ ಟೆಕ್ಸಾಸ್ ರಾಜ್ಯದ ತೆಂಕಣ ತುದಿಯಲ್ಲಿದೆ. ಕಾರ್ಪಸ್ ಕ್ರಿಸ್ಟಿ ಎಂಬ ಬಂದರು ಪಟ್ಟಣ ದಾಟಿ, ಕೆನಡಿಯವರ ಹೆಸರಿನ ಸೇತುವೆ ಹತ್ತಿ ಇಳಿದರೆ ಪಾಡ್ರೆ ದ್ವೀಪ ಸಿಗುತ್ತದೆ. ನೂರಾ ಎಂಬತ್ತು ಕಿಲೋಮೀಟರಿನಷ್ಟು ಉದ್ದ, ಅಗಲ ಮಾತ್ರ ಕೆಲವೇ ಕಿಲೋಮೀಟರು. ಮರಳಿನ ಒಂದು ಉದ್ದನೆಯ ದಿಬ್ಬ ಎಂದರೂ ಸರಿ. ಅದರ ಮೂಡಣ ದಂಡೆಗೆ ಮೆಕ್ಸಿಕೋ ಕೊಲ್ಲಿಯ ಅಲೆ ಬಡಿಯುತ್ತದೆ. ಪಡುವಣ ದಂಡೆಗೂ ನಾಡಿಗೂ ನಡುವೆ ಸಿಕ್ಕಿಕೊಂಡ ಹಿನ್ನೀರಿಗೆ ಲಗೂನಾ ಮಾದ್ರೆ ಎಂದು ಹೆಸರು. ಆ ಹಿನ್ನೀರಿನ ಸರಾಸರಿ ಆಳ ಒಂದು ಮೀಟರಿನ ಆಸುಪಾಸು. ದ್ವೀಪದ ಬಹುಪಾಲು ರಾಷ್ಟ್ರೀಯ ಉದ್ಯಾನ ವ್ಯವಸ್ಥೆಗೆ ಸೇರಿದ್ದು. 1962ರಲ್ಲಿ ಅಧ್ಯಕ್ಷ ಕೆನಡಿ ಅದರ ಕಾಯಿದೆಗೆ ಸಹಿ ಹಾಕಿದರು. 1968ರಲ್ಲಿ ಆಗಿನ ಅಧ್ಯಕ್ಷರ ಮಡದಿ ಲೇಡಿ ಬರ್ಡ್ ಜಾನ್ಸನ್ ಬಂದು ಅದನ್ನು ಜನರಿಗೆ ಅರ್ಪಿಸಿದರು. ಅದಕ್ಕೂ ಮೊದಲು ಇಲ್ಲಿ ದನ ಮೇಯುತ್ತಿದ್ದವು. ಉದ್ಯಾನವಾದ ಮೇಲೂ ಕೆಲ ವರ್ಷ ಮೇಯುತ್ತಲೇ ಇದ್ದು, ಕೊನೆಯ ಮಂದೆ ಹೊರಬಿದ್ದದ್ದು 1971ರಲ್ಲಿ. ದ್ವೀಪಕ್ಕೆ ಹೆಸರು ಬಂದದ್ದು ಹೊಸೆ ನಿಕೊಲಾಸ್ ಬಾಯಿ ಎಂಬ ಪಾದ್ರಿಯಿಂದ. ಸ್ಪೇನಿನ ರಾಜನ ಕಾಲದಲ್ಲಿ ಅವರು ಇಲ್ಲಿ ದನಗಳ ದೊಡ್ಡಿ ಕಟ್ಟಿದ್ದರು.

ಹಿನ್ನೀರಿನ ಬದಿಯಲ್ಲಿ ಬರ್ಡ್ ಐಲೆಂಡ್ ಬೇಸಿನ್ ಎಂಬ ಜಾಗ. ಚಳಿಗಾಲದ ಒಂದು ಶನಿವಾರ ಅಲ್ಲಿಗೆ ಹೋಗಿ ನಿಂತರೆ ಬಣ್ಣಬಣ್ಣದ ಹಾಯಿಗಳು ನೀರಿನ ಮೇಲೆ ಅತ್ತಿಂದಿತ್ತ ಓಡುವುದು ಕಾಣುತ್ತದೆ. ಅವು ದೋಣಿಗಳಲ್ಲ. ಒಂದೊಂದು ಹಾಯಿಯ ಹಿಂದೆ ಒಬ್ಬೊಬ್ಬ ಮನುಷ್ಯ, ಕಾಲ ಕೆಳಗೆ ಒಂದು ಹಲಗೆ. ಇದಕ್ಕೇ ವಿಂಡ್‌ಸರ್ಫಿಂಗ್ ಎನ್ನುತ್ತಾರೆ. ಆಸ್ಟಿನ್, ಸ್ಯಾನ್ ಆಂಟೋನಿಯೊ, ಹ್ಯೂಸ್ಟನ್ ಕಡೆಯ ನಮ್ಮಂಥವರಿಗೆ ಜನವರಿಯಲ್ಲಿ ಕೈಗೆಟುಕುವ ಬೆಚ್ಚನೆಯ ಕಡಲು ಇದೇ. ಆಸ್ಟಿನ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಜನವರಿಯ ಮೂರನೆಯ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಅವರ ನೆನಪಿನ ರಜೆ. ಸಂಕ್ರಾಂತಿ ಮುಗಿದ ಬೆನ್ನಿಗೇ ಬರುವ ರಜೆ ಅದು, ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರುವುದಿಲ್ಲ.

ಬೆಚ್ಚನೆ ಎಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜನವರಿಯಲ್ಲಿ ಕಾರ್ಪಸ್ ಕ್ರಿಸ್ಟಿಯ ಮಧ್ಯಾಹ್ನದ ಸರಾಸರಿ ಉಷ್ಣತೆ ಸುಮಾರು 19 ಡಿಗ್ರಿ ಸೆಲ್ಸಿಯಸ್. ಮಲ್ಪೆಯವರಿಗೆ ಇದು ಕಂಬಳಿ ಹೊದೆಯುವ ಹವೆ. ಆದರೆ ಅದೇ ವಾರ ಶಿಕಾಗೋದಲ್ಲೋ ಮಿನಿಯಾಪೊಲಿಸ್‌ನಲ್ಲೋ ಹಿಮ ಗೋರುತ್ತಿರುವವರಿಗೆ ಇದು ಬೇಸಿಗೆ. ಅಲ್ಲಿಂದ ಚಳಿಗಾಲ ಪೂರ್ತಿ ಕಳೆಯಲು ಮನೆಯಂಥ ವಾಹನಗಳಲ್ಲಿ ಬಂದಿಳಿಯುವ ನಿವೃತ್ತರನ್ನು ಇಲ್ಲಿಯವರು ‘ವಿಂಟರ್ ಟೆಕ್ಸನ್’ ಎಂದು ಪ್ರೀತಿಯಿಂದ ಕರೆಯುತ್ತಾರೆ. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು ಚಳಿ ತಡೆಯುವ ವೆಟ್‌ಸೂಟ್ ಏರಿಸಿಕೊಂಡು, ಹಾಯಿ ಹೊತ್ತು ನೀರಿಗೆ ಇಳಿಯುವುದನ್ನು ನೋಡುವುದೇ ಒಂದು ಸಂತೋಷ. ವಯಸ್ಸಾದ ಮೇಲೆ ಮೈಗೆ ಕೆಲಸ ಕೊಡಬಾರದು ಎಂದು ನಮ್ಮ ಮನೆಗಳಲ್ಲಿ ಹಿರಿಯರನ್ನು ಕುರ್ಚಿಗೆ ಕಟ್ಟಿಹಾಕಿಬಿಡುತ್ತೇವೆ. ಆ ಅಜ್ಜಿಯರನ್ನು ಕಂಡಾಗಲೆಲ್ಲ ನನಗೆ ಅದು ಅನ್ಯಾಯ ಅನ್ನಿಸುತ್ತದೆ.

“ಅಲ್ರೀ, ಜನವರಿ ಥಂಡಿಯೊಳಗ ಸಮುದ್ರಕ್ಕ ಯಾರ್ ಹೋಗ್ತಾರ್ರೀ?” ಎಂದು ಧಾರವಾಡದ ಗೆಳೆಯರು ಕೇಳಿದ್ದರು. ಕೇಳಿದವರೇ ಮುಂದಾಗಿ ಹೊರಟರು. ಅವರ ಮಡದಿ, ನಮ್ಮ ವೈನಿಯವರು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎರಡು ಬಗೆಯ ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದರು. ನೀರಿನಲ್ಲಿ ಎರಡು ಗಂಟೆ ಆಡಿ, ನಡುಗುತ್ತ ಮೇಲೆ ಬಂದು, ಕಾರಿನ ಮರೆಯಲ್ಲಿ ಗಾಳಿ ತಪ್ಪಿಸಿ ಕೂತು ಶೇಂಗಾ ಹೋಳಿಗೆಗೆ ತುಪ್ಪ ಹಚ್ಚಿ ತಿಂದವರಿಗೆ ಆ ಹೋಳಿಗೆಯ ನಿಜವಾದ ರುಚಿ ಗೊತ್ತು. ಪಕ್ಕದ ಕ್ಯಾಂಪಿನ ವಿಸ್ಕಾನ್ಸಿನ್ ದಂಪತಿಗಳಿಗೂ ಒಂದೊಂದು ಕೊಟ್ಟೆವು. ಅವರು ನಮಗೆ ಗಾಳಿಯ ಪಾಠ ಹೇಳಿದರು.

ಗಾಳಿಯ ಪಾಠ ಇಲ್ಲದೆ ಈ ಪ್ರವಾಸವೇ ಇಲ್ಲ. ಕಾರ್ಪಸ್ ಕ್ರಿಸ್ಟಿ ಅಮೆರಿಕದ ಗಾಳಿ ಹೆಚ್ಚಿರುವ ನಗರಗಳಲ್ಲಿ ಒಂದು. ವರ್ಷದ ಸರಾಸರಿಯೇ ಗಂಟೆಗೆ ಸುಮಾರು 19 ಕಿಲೋಮೀಟರು. ಸಾಮಾನ್ಯವಾಗಿ ಬೀಸುವುದು ಆಗ್ನೇಯ ದಿಕ್ಕಿನಿಂದ, ಕೊಲ್ಲಿಯ ಬೆಚ್ಚನೆಯ ತೇವ ಹೊತ್ತುಕೊಂಡು. ಚಳಿಗಾಲದಲ್ಲಿ ಇದರ ಜೊತೆಗೆ ಇನ್ನೊಂದು ಗಾಳಿ ಬಂದು ಸೇರುತ್ತದೆ. ಕೆನಡಾದ ಹಿಮದ ಬಯಲಿನಲ್ಲಿ ಕೂಡಿಟ್ಟ ತಣ್ಣನೆಯ ಗಾಳಿ ಒಂದು ದಿನ ಕಟ್ಟೆಯೊಡೆದು ತೆಂಕಣಕ್ಕೆ ಹೊರಡುತ್ತದೆ. ಉತ್ತರ ಧ್ರುವಕ್ಕೂ ಟೆಕ್ಸಾಸಿಗೂ ನಡುವೆ ಮುಳ್ಳುತಂತಿಯ ಬೇಲಿ ಬಿಟ್ಟರೆ ಇನ್ನೇನೂ ಅಡ್ಡವಿಲ್ಲ ಎಂದು ಇಲ್ಲಿಯ ಹಳಬರು ಹೇಳುವುದುಂಟು. ಮಾತು ಉತ್ಪ್ರೇಕ್ಷೆಯದಾದರೂ ಭೂಗೋಳ ಸರಿಯಾಗಿದೆ, ಪೂರ್ವ ಪಶ್ಚಿಮವಾಗಿ ಹಾದುಹೋಗುವ ಒಂದು ಬೆಟ್ಟದ ಸಾಲೂ ದಾರಿಯಲ್ಲಿಲ್ಲ. ಅಕ್ಷಾಂಶದ ಲೆಕ್ಕದಲ್ಲಿ ಈ ಜಾಗ ನಮ್ಮ ಆಗ್ರಾಕ್ಕೆ ಹತ್ತಿರ. ಆಗ್ರಾದಲ್ಲೂ ಚಳಿ ಇದೆ, ಮಂಜು ಇದೆ. ಆದರೆ ಮಧ್ಯಾಹ್ನ ಅಂಗಿ ಬಿಚ್ಚುವ ಸೆಕೆ ಇದ್ದು ಸಂಜೆಯೊಳಗೆ ಹದಿನೈದು ಡಿಗ್ರಿ ಇಳಿದುಬಿಡುವ ಆಟ ಅಲ್ಲಿಲ್ಲ, ಹಿಮಾಲಯ ಅದನ್ನು ತಡೆದು ನಿಲ್ಲಿಸಿದೆ. ಅಮೆರಿಕದ ನಕಾಶೆ ನೋಡಿದಾಗಲೇ ಹಿಮಾಲಯ ನಮಗೆ ಮಾಡಿರುವ ಉಪಕಾರ ನನಗೆ ಸರಿಯಾಗಿ ಅರ್ಥವಾದದ್ದು.

ಈ ಬಡಗಣ ಗಾಳಿಗೆ ಇಲ್ಲಿ ‘ನಾರ್ದರ್’ ಎನ್ನುತ್ತಾರೆ. ಅದು ಬರುವ ಮುನ್ನಾದಿನ ಆಗ್ನೇಯದ ಗಾಳಿ ಏರುತ್ತದೆ, ಆಕಾಶ ತೇವವಾಗುತ್ತದೆ, ಹವೆ ಹಿತವಾಗುತ್ತದೆ. ವಿಂಡ್‌ಸರ್ಫಿಂಗ್ ಬಲ್ಲವರು ಕಾಯುವುದು ಈ ದಿನಕ್ಕೆ. ಮಾರನೆಯ ದಿನ ಗಾಳಿ ಗಕ್ಕನೆ ತಿರುಗಿ ಬಡಗಣದಿಂದ ಅಪ್ಪಳಿಸುತ್ತದೆ. ಅನುಭವಿಗಳು ಸಣ್ಣ ಹಾಯಿ ಕಟ್ಟಿ, ದಪ್ಪ ವೆಟ್‌ಸೂಟ್ ತೊಟ್ಟು ಆಗಲೂ ಇಳಿಯುತ್ತಾರೆ. ಮೂರನೆಯ ದಿನಕ್ಕೆ ಗಾಳಿ ನಿಂತು, ಆಕಾಶ ನೀಲಿಯಾಗಿ, ಹಿನ್ನೀರು ಕನ್ನಡಿಯಾಗುತ್ತದೆ. ಆಮೇಲೆ ಮತ್ತೆ ಆಗ್ನೇಯದಿಂದ ಶುರು. ಹೀಗೆ ವಾರಕ್ಕೊಂದರಂತೆ ಸರದಿ ಸುತ್ತುತ್ತಿರುತ್ತದೆ. ವಾರಾಂತ್ಯದ ಎರಡೋ ಮೂರೋ ದಿನ ಈ ಸರದಿಯ ಯಾವ ಮಗ್ಗುಲಿಗೆ ಬೀಳುತ್ತದೆ ಎನ್ನುವುದೇ ಎಲ್ಲ. ಬುಧವಾರದಿಂದಲೇ ಹವಾಮಾನದ ನಕ್ಷೆ ನೋಡುತ್ತ ಕೂರುವ ಈ ಜನರನ್ನು ಕಂಡರೆ, ಮುಂಗಾರಿಗೆ ಮುಂಚೆ ಕಡಲು ನೋಡುತ್ತ ನಿಲ್ಲುತ್ತಿದ್ದ ನಮ್ಮೂರ ಹಿರಿಯರು ನೆನಪಾಗುತ್ತಾರೆ. ಅವರಿಗೆ ನಕ್ಷೆ ಇರಲಿಲ್ಲ. ಮೋಡದ ಬಣ್ಣ, ನೀರಿನ ಮೇಲಿನ ಸುಕ್ಕು, ಕಡಲಹಕ್ಕಿ ಹೋಗುವ ದಿಕ್ಕು ಇಷ್ಟೇ ಸಾಕಿತ್ತು.

ಇನ್ನು ಹಾಯಿಯ ವಿಷಯ. ಹಾಯಿದೋಣಿ ಎಲ್ಲರಿಗೂ ಗೊತ್ತು: ಅದರಲ್ಲಿ ಕಂಬ ನೆಟ್ಟಗೆ ನಿಂತಿರುತ್ತದೆ, ತಿರುಗಿಸಲು ಹಿಂದೆ ಚುಕ್ಕಾಣಿ ಇರುತ್ತದೆ. ವಿಂಡ್‌ಸರ್ಫಿಂಗ್ ಹಲಗೆಗೆ ಚುಕ್ಕಾಣಿಯೇ ಇಲ್ಲ. ಕಂಬದ ಬುಡದಲ್ಲಿ ಎತ್ತ ಬೇಕಾದರೂ ವಾಲುವ ಕೀಲು. ಹಾಯಿಯನ್ನು ಎತ್ತಿ ಹಿಡಿಯುವುದು ಮನುಷ್ಯನ ಎರಡು ಕೈ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆ ಹೊರಳುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಕಂಬ, ಹಗ್ಗ, ಚುಕ್ಕಾಣಿ ಎಲ್ಲದರ ಕೆಲಸವನ್ನೂ ಮಾಡುವುದು ಮನುಷ್ಯನ ಬೆನ್ನು, ತೋಳು, ತೊಡೆ. ಗಾಳಿ ಕಡಿಮೆ ಇದ್ದಾಗ ಹಲಗೆ ನೀರನ್ನು ಸೀಳಿಕೊಂಡು ನಿಧಾನ ಹೋಗುತ್ತದೆ. ಹದಿನೈದು ನಾಟ್, ಅಂದರೆ ಗಂಟೆಗೆ 28 ಕಿಲೋಮೀಟರಿನ ಆಸುಪಾಸಿಗೆ ಗಾಳಿ ಏರಿದಾಗ ಒಂದು ಗಳಿಗೆ ಬರುತ್ತದೆ: ಹಲಗೆ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲಕ್ಕೇರಿ, ಕಾದ ಕಾವಲಿಯ ಮೇಲೆ ಬೆಣ್ಣೆ ಜಾರಿದ ಹಾಗೆ ಜಾರತೊಡಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಪ್ಲೇನಿಂಗ್ ಎನ್ನುತ್ತಾರೆ. ಒಮ್ಮೆ ಅದು ಸಿಕ್ಕಿದವನು ಮನೆ, ಕೆಲಸ, ಸೋಮವಾರದ ಮೀಟಿಂಗು ಎಲ್ಲವನ್ನೂ ಮರೆಯುತ್ತಾನೆ.

ಗಾಳಿಗೆ ಒಂದು ಗುಣವಿದೆ. ಅದರ ವೇಗ ಇಮ್ಮಡಿಯಾದರೆ ಹಾಯಿಯ ಮೇಲೆ ಬೀಳುವ ಬಲ ನಾಲ್ಕು ಪಟ್ಟಾಗುತ್ತದೆ. ಹತ್ತು ನಾಟ್‌ನಲ್ಲಿ ಆರಾಮವಾಗಿ ಹಿಡಿದಿದ್ದ ಹಾಯಿ ಇಪ್ಪತ್ತು ನಾಟ್‌ನಲ್ಲಿ ಮನುಷ್ಯನನ್ನೇ ಎತ್ತಿ ಒಗೆಯುತ್ತದೆ. ಅದಕ್ಕೇ ಗಾಳಿಗೆ ತಕ್ಕ ಹಾಯಿ ಆರಿಸುವುದು ಅರ್ಧ ವಿದ್ಯೆ. ಸಣ್ಣ ಗಾಳಿಗೆ ಏಳು ಚದರ ಮೀಟರಿನ ಹಾಯಿ, ದೊಡ್ಡ ಗಾಳಿಗೆ ನಾಲ್ಕೂವರೆಯದು. ದಂಡೆಯ ಮೇಲೆ ಹಾಯಿ ಹರಡಿ, ಕಂಬ ತೂರಿಸಿ, ಹಗ್ಗ ಬಿಗಿಯುತ್ತಿರುವವರ ನಡುವೆ ನಡೆದರೆ ಕೇಳುವುದು ಒಂದೇ ಪ್ರಶ್ನೆ: ನಿಂದು ಎಷ್ಟು, ನಂದು ಎಷ್ಟು ಕಟ್ಟಲಿ? ಗೊತ್ತಿಲ್ಲದವರಿಗೆ ಗೊತ್ತಿದ್ದವರು ಬಂದು ಕಟ್ಟಿಕೊಡುತ್ತಾರೆ. ಹೆಸರು ಕೇಳುವುದು ಆಮೇಲೆ.

ಈ ಆಟವನ್ನು ಯಾರು ಕಂಡುಹಿಡಿದರು ಎನ್ನುವುದು ದೊಡ್ಡ ಕತೆ. ಸ್ವಲ್ಪ ದಾರಿ ಬಿಟ್ಟು ಹೋಗಿ ಹೇಳಿಯೇಬಿಡುತ್ತೇನೆ. ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ಎಂಬವರು 1964ರಲ್ಲಿ ಹಲಗೆಗೆ ಹಾಯಿ ಕಟ್ಟಿ ನಿಂತು ಓಡಿಸಿದರು. ಅವರ ಮಡದಿ ನಯೋಮಿ ಕೂಡ ಆ ಕೆಲಸದಲ್ಲಿ ಜೊತೆಗಿದ್ದರು. 1965ರ ಆಗಸ್ಟಿನಲ್ಲಿ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು, ಬೇಕಾದವರು ಮಾಡಿಕೊಳ್ಳಲಿ ಎಂದು. ಪೇಟೆಂಟ್ ಮಾಡಿಸಲಿಲ್ಲ. ಆಚೆ ಕ್ಯಾಲಿಫೋರ್ನಿಯಾದಲ್ಲಿ ವಿಮಾನಗಳ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಅವರ ಸ್ನೇಹಿತ ಹಾಯ್ಲ್ ಶ್ವೈಟ್ಜರ್ ತಮ್ಮದೇ ಹಲಗೆ ಮಾಡಿ 1968ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1970ರಲ್ಲಿ ಅದು ಸಿಕ್ಕಿತು. ಆಟ ಜಗತ್ತಿಗೆಲ್ಲ ಹಬ್ಬಿದ್ದು ಅವರ ಹಲಗೆಗಳಿಂದ. ಹಬ್ಬಿದ ಮೇಲೆ ಬೇರೆಯವರೂ ಮಾಡತೊಡಗಿದರು, ವ್ಯಾಜ್ಯಗಳು ಹುಟ್ಟಿದವು. ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋದಾಗ ಪೀಟರ್ ಚಿಲ್ವರ್ಸ್ ಎಂಬವರ ಹೆಸರು ಬಂತು. 1958ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಹೇಲಿಂಗ್ ದ್ವೀಪದ ಹಿನ್ನೀರಿನಲ್ಲಿ ಒಂದು ಹಲಗೆಗೆ ಹಾಯಿ ಸಿಕ್ಕಿಸಿ ಅವರು ಆಡಿದ್ದರು. ಆ ಹುಡುಗನ ಆಟವನ್ನು ಸಾಕ್ಷ್ಯವಾಗಿ ಒಪ್ಪಿ, ಇದು ಹೊಸ ಶೋಧವಲ್ಲ ಎಂದು ಮೇಲ್ಮನವಿ ನ್ಯಾಯಾಲಯ 1985ರಲ್ಲಿ ತೀರ್ಪು ಕೊಟ್ಟಿತು. ಬ್ರಿಟನ್ನಿನಲ್ಲಿ ಆ ಪೇಟೆಂಟ್ ಅಲ್ಲಿಗೆ ಮುಗಿಯಿತು.

ನನಗೆ ಈ ಕತೆಯಲ್ಲಿ ಎಲ್ಲರ ಮೇಲೂ ಗೌರವವಿದೆ. ಡ್ರೇಕ್ ಅವರ ಎಂಜಿನಿಯರಿಂಗ್ ದೊಡ್ಡದು. ಡಾರ್ಬಿಯವರ ಔದಾರ್ಯ ಅದಕ್ಕಿಂತ ದೊಡ್ಡದು. ಆದರೆ ಮನಸ್ಸಿನಲ್ಲಿ ನಿಲ್ಲುವುದು ಆ ಹನ್ನೆರಡು ವರ್ಷದ ಹುಡುಗ. ಆಳವಿಲ್ಲದ, ದಡಕ್ಕೆ ಹತ್ತಿರದ, ಅಮ್ಮ ಬೇಡ ಎನ್ನದ ನೀರು ಸಿಕ್ಕಿದರೆ ಮಕ್ಕಳು ಏನನ್ನಾದರೂ ಕಂಡುಹಿಡಿಯುತ್ತಾರೆ. ಹವಾಯಿಯ ರಾಬಿ ನೇಶ್ 1976ರಲ್ಲಿ ಬಹಾಮಾಸ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವನಿಗೆ ಹದಿಮೂರು ವರ್ಷ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಈ ಆಟ ಬಂತು. ಹಾಂಗ್‌ಕಾಂಗ್‌ಗೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದ ಲೀ ಲೈ ಶಾನ್ 1996ರಲ್ಲಿ, ಇಸ್ರೇಲಿಗೆ ಮೊಟ್ಟಮೊದಲ ಚಿನ್ನ ತಂದ ಗಾಲ್ ಫ್ರಿಡ್‌ಮನ್ 2004ರಲ್ಲಿ, ಇಬ್ಬರೂ ಗೆದ್ದದ್ದು ಹಾಯಿಹಲಗೆಯ ಮೇಲೆಯೇ. ಸಣ್ಣ ನಾಡುಗಳಿಗೆ ಈ ಆಟ ಒಲಿದಿದೆ.

ವೇಗದ ದಾಖಲೆಯೂ ಆಳವಿಲ್ಲದ ನೀರಿನದೇ. ಫ್ರಾನ್ಸಿನ ಆಂಟ್ವಾನ್ ಆಲ್ಬೋ 2015ರಲ್ಲಿ 53.27 ನಾಟ್, ಅಂದರೆ ಗಂಟೆಗೆ 98 ಕಿಲೋಮೀಟರು ದಾಟಿ ಓಡಿದ್ದು ನಮೀಬಿಯಾದ ಲ್ಯೂಡೆರಿಟ್ಜ್‌ನಲ್ಲಿ. ಅಲ್ಲಿ ಅದಕ್ಕಾಗಿಯೇ ದಡದ ಪಕ್ಕ ಮರಳಿನಲ್ಲಿ ಕಿರಿದಾದ ಕಾಲುವೆ ತೋಡಿದ್ದರು. ಅಲೆ ಏಳದ ಸಪಾಟು ನೀರು ಬೇಕು ಎಂದರೆ ಗಾಳಿ ಬರುವ ಕಡೆ ದಡ ಹತ್ತಿರವಿರಬೇಕು. ನೀರಿನ ಮೇಲೆ ಗಾಳಿ ದೂರದಿಂದ ಓಡಿ ಬಂದಷ್ಟೂ ಅಲೆ ದೊಡ್ಡದಾಗುತ್ತದೆ. ಬರ್ಡ್ ಐಲೆಂಡ್ ಬೇಸಿನ್‌ನ ಗುಟ್ಟೂ ಇದೇ. ಆಗ್ನೇಯದ ಗಾಳಿ ದ್ವೀಪವನ್ನು ದಾಟಿ ಹಿನ್ನೀರಿಗೆ ಇಳಿಯುತ್ತದೆ. ದ್ವೀಪದಲ್ಲಿ ಅದನ್ನು ತಡೆಯುವ ಮರವಿಲ್ಲ, ಹುಲ್ಲು ಮತ್ತು ತಗ್ಗು ಮರಳುದಿಬ್ಬ ಮಾತ್ರ. ಗಾಳಿ ಪೂರ್ತಿ ಸಿಗುತ್ತದೆ, ಅಲೆ ಏಳುವುದಿಲ್ಲ. ಇಂಥ ಜೋಡಿ ಭೂಮಿಯ ಮೇಲೆ ಎಲ್ಲ ಕಡೆ ಸಿಗುವುದಿಲ್ಲ.

ಗೆಳೆಯರ ಮಗಳಿಗೆ ಹನ್ನೆರಡರ ಆಸುಪಾಸು ವಯಸ್ಸು. ಅಗಲದ ಹಲಗೆ, ಪುಟ್ಟ ಹಾಯಿ ಬಾಡಿಗೆಗೆ ತೆಗೆದುಕೊಂಡು, ತೇಲುವ ಜಾಕೆಟ್ ಹಾಕಿಸಿ ಬಿಟ್ಟೆವು. ಮೊದಲು ಹಲಗೆಯ ಮೇಲೆ ಮಂಡಿಯೂರಿ, ಆಮೇಲೆ ನಿಂತು, ಬೆನ್ನು ನೆಟ್ಟಗಿಟ್ಟು, ನೀರಿನಲ್ಲಿ ಮಲಗಿದ ಹಾಯಿಯನ್ನು ಹಗ್ಗ ಹಿಡಿದು ಮೇಲೆತ್ತಬೇಕು. ಹಾಯಿಯೊಳಗೆ ನೀರು ತುಂಬಿಕೊಂಡಿರುತ್ತದೆ, ಅದು ಸುರಿದುಹೋಗುವ ತನಕ ಅವಸರ ಮಾಡಬಾರದು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ದಡದಲ್ಲಿ ನಿಂತಿದ್ದ ಅಪ್ಪನ ಎದೆ ಹೊಡೆದುಕೊಂಡಿತು, ಬಟ್ಟೆ ಸಮೇತ ನೀರಿಗೆ ನುಗ್ಗಿದರು. “ಅಪ್ಪಾ, ನಿಂತ್ಕೋ! ನೀರ್ ಇಷ್ಟ ಐತಿ ನೋಡು!” ಎಂದು ಅವಳು ನಡುನೀರಿನಲ್ಲಿ ಎದ್ದು ನಿಂತು ಕೂಗಿದಳು. ನೀರು ಅವಳ ಎದೆಗೂ ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಯಿ ಹಿಡಿದು ಒಂದು ಫರ್ಲಾಂಗ್ ಹೋಗಿ, ತಿರುಗಿಸಿಕೊಂಡು ಬಂದು, “ಕಾಕಾ, ನಾ ತಿರುಗಿಸಿದ್ದು ನೋಡಿದ್ರಿ?” ಎಂದು ಕೇಳಿದಳು. ಈ ಧೈರ್ಯವನ್ನು ಕೊಟ್ಟದ್ದು ಆ ಸೊಂಟಮಟ್ಟದ ನೀರು. ಆಳದ ಕಡಲಿನಲ್ಲಿ ಅವಳು ಕಲಿಯುವುದಿರಲಿ, ನಾವು ಇಳಿಯಲೂ ಬಿಡುತ್ತಿರಲಿಲ್ಲ.

ಈ ನೀರು ಬಲು ಉಪ್ಪು. ಇಲ್ಲಿ ದೊಡ್ಡ ನದಿ ಬಂದು ಸೇರುವುದಿಲ್ಲ, ಮಳೆ ಕಡಿಮೆ, ಬಿಸಿಲು ಹೆಚ್ಚು, ಕಡಲಿನ ಕಡೆಗೆ ಬಾಯಿಗಳೂ ಬೆರಳೆಣಿಕೆಯಷ್ಟು. ಹಾಗಾಗಿ ಆವಿಯಾಗಿ ಉಳಿದ ಉಪ್ಪು ಉಳಿದಲ್ಲೇ ಉಳಿಯುತ್ತದೆ. ಸಮುದ್ರಕ್ಕಿಂತ ಉಪ್ಪಾದ ಹಿನ್ನೀರುಗಳು ಜಗತ್ತಿನಲ್ಲಿ ಕೆಲವೇ ಇವೆ, ಅವುಗಳಲ್ಲಿ ಇದೊಂದು. 1949ರಲ್ಲಿ ಹಡಗುಗಳಿಗಾಗಿ ಉದ್ದಕ್ಕೂ ಕಾಲುವೆ ತೋಡಿದ ಮೇಲೆ ನೀರಿನ ಓಡಾಟ ಹೆಚ್ಚಿ ಉಪ್ಪು ಸ್ವಲ್ಪ ಇಳಿದಿದೆ. ಕಾಲುವೆ ತೋಡಿದ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿದ್ದರಿಂದ ಪುಟ್ಟಪುಟ್ಟ ದ್ವೀಪಗಳ ಸಾಲೇ ಆಗಿದೆ. ಕೆಲವುಗಳಲ್ಲಿ ಮೀನು ಹಿಡಿಯುವವರ ಗುಡಿಸಲು, ಕೆಲವುಗಳಲ್ಲಿ ಹಕ್ಕಿಗಳ ಗೂಡು. ಹಾಯಿ ಹಿಡಿದು ದೂರ ಹೋದವರಿಗೆ ನೀರಿನ ಮೇಲೆ ಸಾಲಾಗಿ ತೇಲುವ ಬಿಳಿ ಹೆಜ್ಜಾರ್ಲೆಗಳು ಕಾಣುತ್ತವೆ. ತಳದಲ್ಲಿ ಕಡಲಹುಲ್ಲು ಹಾಸಿಕೊಂಡಿದೆ. ಉತ್ತರ ಅಮೆರಿಕದಲ್ಲಿರುವ ಕೆಂದಲೆಯ ರೆಡ್‌ಹೆಡ್ ಬಾತುಗಳಲ್ಲಿ ಬಹುಪಾಲು ಚಳಿಗಾಲಕ್ಕೆ ಈ ಹುಲ್ಲನ್ನು ನಂಬಿಕೊಂಡು ಇಲ್ಲಿಗೇ ಬರುತ್ತವೆ. ಮೋಟಾರು ದೋಣಿಯ ರೆಕ್ಕೆ ತಾಗಿದರೆ ಹುಲ್ಲಿನಲ್ಲಿ ಗೀರು ಬಿದ್ದು, ಮತ್ತೆ ಚಿಗುರಲು ವರ್ಷಗಳೇ ಹಿಡಿಯುತ್ತವೆ. ಹಾಯಿಹಲಗೆಗೆ ಮೋಟಾರಿಲ್ಲ, ಎಣ್ಣೆಯಿಲ್ಲ, ಸದ್ದಿಲ್ಲ. ಆಳವಿಲ್ಲದ ನೀರಿನಲ್ಲಿ ಮನುಷ್ಯ ಆಡಬೇಕಾದರೆ ಹೀಗೆಯೇ ಆಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಆಳವಿಲ್ಲದ ನೀರಿಗೆ ಒಂದು ದುಃಖವೂ ಇದೆ. ಅದು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಹುಲ್ಲು ಮೇಯಲು ಬರುವ ಹಸಿರು ಕಡಲಾಮೆಗಳು ದೊಡ್ಡ ನಾರ್ದರ್ ಬಂದಾಗ ಸಿಕ್ಕಿಬೀಳುತ್ತವೆ. ನೀರು ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಅವುಗಳ ಮೈ ಮರಗಟ್ಟಿ, ಈಜಲಾರದೆ ತೇಲುತ್ತವೆ. ಜೀವ ಇರುತ್ತದೆ, ಕೈಕಾಲು ಆಡುವುದಿಲ್ಲ. ದೋಣಿ ಬಡಿದೋ ಚಳಿ ಹೆಚ್ಚಿಯೋ ಸಾಯುವ ಮೊದಲು ಯಾರಾದರೂ ಎತ್ತಿಕೊಂಡು ಬೆಚ್ಚನೆಯ ಕಡೆ ಇಟ್ಟರೆ ಒಂದೆರಡು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. 2021ರ ಫೆಬ್ರವರಿಯ ಶೀತದಲ್ಲಿ ಟೆಕ್ಸಾಸಿನ ಲಕ್ಷಾಂತರ ಮನೆಗಳಲ್ಲಿ ಕರೆಂಟೇ ಇರಲಿಲ್ಲ, ನಲ್ಲಿಗಳು ಹೆಪ್ಪುಗಟ್ಟಿದ್ದವು. ಅಂಥ ಹೊತ್ತಿನಲ್ಲಿ ಕರಾವಳಿಯ ಜನ ದೋಣಿ ತೆಗೆದುಕೊಂಡು ಹೋಗಿ ಸಾವಿರಾರು ಆಮೆಗಳನ್ನು ಹೊತ್ತು ತಂದರು. ದ್ವೀಪದ ತೆಂಕಣ ತುದಿಯ ಸೌತ್ ಪಾಡ್ರೆ ಊರಿನ ಸಮ್ಮೇಳನ ಭವನದ ನೆಲದ ತುಂಬ ಆಮೆಗಳನ್ನು ಸಾಲಾಗಿ ಮಲಗಿಸಿದ್ದರು. ತಮ್ಮ ಮನೆಯಲ್ಲೇ ಬಿಸಿಯಿಲ್ಲದವರು ಆಮೆಗೆ ಬಿಸಿ ಹುಡುಕಿದ ಆ ವಾರವನ್ನು ಇಲ್ಲಿಯವರು ಇವತ್ತಿಗೂ ಕಣ್ಣು ತುಂಬಿಕೊಂಡು ಹೇಳುತ್ತಾರೆ. ಆ ಮಾತು ಕೇಳಿದ ದಿನದಿಂದ ಟೆಕ್ಸಾಸ್ ನನಗೂ ಸ್ವಂತ ಊರಾಯಿತು.

ಗಾಳಿ ನಿಂತ ದಿನ ಏನು ಮಾಡುವುದು? ಕಾರು ಹತ್ತಿ ಕೊಲ್ಲಿಯ ಬದಿಗೆ ಹೋಗಬಹುದು. ಬರಿಗಾಲಲ್ಲಿ ಎಷ್ಟು ದೂರ ನಡೆದರೂ ಒಂದು ಹೋಟೆಲು, ಒಂದು ಜಾಹೀರಾತು ಫಲಕ ಅಡ್ಡ ಬರುವುದಿಲ್ಲ. ನೂರು ಕಿಲೋಮೀಟರಿಗಿಂತ ಹೆಚ್ಚು ಉದ್ದಕ್ಕೆ ಕಟ್ಟಡವೇಳದ ಹಾಗೆ ಕಾದುಕೊಂಡ ದಂಡೆ ಅದು. 1554ರಲ್ಲಿ ಮೆಕ್ಸಿಕೋದಿಂದ ಬೆಳ್ಳಿ ಹೇರಿಕೊಂಡು ಹೊರಟ ಸ್ಪೇನಿನ ಮೂರು ಹಡಗುಗಳು ಒಡೆದದ್ದು ಈ ದಂಡೆಗೇ ಬಡಿದು. ಇಲ್ಲವೇ ಬಡಗಣಕ್ಕೆ ಹೋಗಿ ಅರಾನ್ಸಾಸ್ ಅಭಯಾರಣ್ಯದಲ್ಲಿ ವೂಪಿಂಗ್ ಕ್ರೇನ್ ಎಂಬ ಆಳೆತ್ತರದ ಬಿಳಿ ಕ್ರೌಂಚಗಳನ್ನು ನೋಡಬಹುದು. 1941ರ ಹೊತ್ತಿಗೆ ಇಡೀ ಜಗತ್ತಿನಲ್ಲಿ ಇಪ್ಪತ್ತೊಂದೋ ಇಪ್ಪತ್ತೆರಡೋ ಉಳಿದಿದ್ದ ಹಕ್ಕಿ ಇದು. ಈಗ ಕೆನಡಾದಿಂದ ನಾಲ್ಕು ಸಾವಿರ ಕಿಲೋಮೀಟರು ಹಾರಿ ಇಲ್ಲಿಗೆ ಚಳಿಗಾಲಕ್ಕೆ ಬರುವ ಹಿಂಡಿನಲ್ಲೇ ಐನೂರಕ್ಕೂ ಹೆಚ್ಚು ಹಕ್ಕಿಗಳಿವೆ. ಅವು ಕಾಲೂರಿ ಏಡಿ ಹೆಕ್ಕುವುದೂ ಮೊಣಕಾಲುದ್ದದ ನೀರಿನಲ್ಲೇ.

ಇದನ್ನೆಲ್ಲ ನೋಡುವಾಗ ನನ್ನ ಮನಸ್ಸು ಊರಿಗೆ ಹೋಗುತ್ತದೆ. ಗಂಗೊಳ್ಳಿಯ ಹತ್ತಿರ ಐದು ಹೊಳೆ ಕೂಡುವ ಪಂಚಗಂಗಾವಳಿ, ಕೋಡಿಬೆಂಗ್ರೆಯಲ್ಲಿ ಕಡಲಿಗಿಳಿಯುವ ಸುವರ್ಣಾ, ಮೂಲ್ಕಿಯ ಶಾಂಭವಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಮಧ್ಯಾಹ್ನದ ಮೇಲೆ ಕಡಲಗಾಳಿ ದಿನವೂ ಬೀಸುತ್ತದೆ, ಹೊಳೆಯ ಅಳಿವೆಯಲ್ಲಿ ಎಷ್ಟೋ ಕಡೆ ನೀರು ಸೊಂಟಕ್ಕೂ ಬರುವುದಿಲ್ಲ. ಮೂಲ್ಕಿಯಲ್ಲಿ ಅಲೆಯ ಮೇಲಿನ ಸರ್ಫಿಂಗ್ ಬೇರೂರಿದೆ, ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುತ್ತದೆ. ಮೀನುಗಾರರ ಮಕ್ಕಳೇ ಅದರಲ್ಲಿ ಹೆಸರು ಮಾಡಿದ್ದಾರೆ. ಹಾಯಿಹಲಗೆ ಮಾತ್ರ ನಮ್ಮ ಅಳಿವೆಗಳಲ್ಲಿ ಇನ್ನೂ ಅಪರೂಪ. ಕಡಲೇ ಇಲ್ಲದ ಭೋಪಾಲದಲ್ಲಿ, ಊರ ದೊಡ್ಡ ಕೆರೆಯಲ್ಲಿ ಕಲಿತ ಇಬಾದ್ ಅಲಿ 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ವಿಂಡ್‌ಸರ್ಫಿಂಗ್ ಕಂಚು ಗೆದ್ದರು. ಮುನ್ನೂರು ಕಿಲೋಮೀಟರು ಕಡಲಂಚಿರುವ ನಮಗೆ ಅದು ಆಗದ ಮಾತೇನಲ್ಲ. ಬೇಕಾದದ್ದು ಒಂದು ಶೆಡ್ಡು, ಹತ್ತು ಹಲಗೆ, ತೇಲುವ ಜಾಕೆಟ್ಟು, ಕಲಿಸುವ ಇಬ್ಬರು. ಮತ್ತು ಮರಳು ತೆಗೆಯುವವರಿಂದ, ರೆಸಾರ್ಟ್ ಬೇಲಿಯಿಂದ ಕಾಪಾಡಿಕೊಂಡ ಒಂದು ತುಂಡು ದಂಡೆ. ಮೀನಿನ ದೋಣಿ ಓಡಾಡುವ ದಾರಿ ಬಿಟ್ಟು ಆ ತುಂಡನ್ನು ಗುರುತಿಸಬೇಕಾದವರು ಮೀನುಗಾರರೇ, ಏಕೆಂದರೆ ಗಾಳಿಯನ್ನೂ ನೀರನ್ನೂ ಬಲ್ಲವರು ಅವರು. ಕರಾವಳಿಯ ಪಂಚಾಯಿತಿಗಳು, ಕ್ರೀಡಾ ಇಲಾಖೆ ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿ.

ಟೆಕ್ಸಾಸಿನಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಬರುವ ಜನವರಿಯ ಉದ್ದ ವಾರಾಂತ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಬುಧವಾರವೇ ಗಾಳಿಯ ಮುನ್ಸೂಚನೆ ನೋಡಿ, ನಾರ್ದರ್ ಬರುವ ಮುನ್ನಾದಿನ ನೀರಿನಲ್ಲಿರುವ ಹಾಗೆ ಹೊರಡಿ. ಕ್ಯಾಂಪಿನ ಜಾಗ ಮೊದಲು ಬಂದವರಿಗೆ ಮೊದಲು, ಆದ್ದರಿಂದ ಶುಕ್ರವಾರ ಮಧ್ಯಾಹ್ನದೊಳಗೆ ತಲುಪುವುದು ಒಳ್ಳೆಯದು. ಬಿಸಿಲಿದೆ ಎಂದು ವೆಟ್‌ಸೂಟ್ ಬಿಡಬೇಡಿ, ಜನವರಿಯ ನೀರು ತಣ್ಣಗೇ ಇರುತ್ತದೆ. ಆಗ್ನೇಯದ ಗಾಳಿ ದಡದಿಂದ ಆಚೆಗೆ ತಳ್ಳುತ್ತದೆ, ಹೊಸಬರು ದಡದ ಹತ್ತಿರವೇ ಇರಲಿ, ತೇಲುವ ಜಾಕೆಟ್ ಕಳಚುವುದು ಬೇಡ. ಮರಳಿನಡಿ ತೊರಕೆ ಮೀನು ಮಲಗಿರುತ್ತದೆ, ಅದರ ಬಾಲದಲ್ಲಿ ಮುಳ್ಳಿದೆ. ನೀರಿನಲ್ಲಿ ಹೆಜ್ಜೆ ಎತ್ತಿ ಇಡದೆ ಕಾಲು ಎಳೆದುಕೊಂಡು ನಡೆಯಿರಿ, ಅದು ತಾನಾಗಿ ಸರಿದು ದಾರಿ ಬಿಡುತ್ತದೆ.